ಓಣಿಯ ಕೊನೆಯ ಮನೆಗೆ ನೀರು

ಸ್ಯಾನ್ ಮಟಿಯೋ
17 ಮೇ 2026, ಭಾನುವಾರ

ಪ್ರೀತಿಯ ಭಾಯಿಜಾನ್‌ಗೆ, ನಿಮ್ಮ ತಂಗಿ ನೂರುನ್ನಿಸಾಳ ಸಲಾಂ.

ನನ್ನ ಅಕ್ಷರ ಸೊಟ್ಟಗಿದೆ, ತಪ್ಪುಗಳೂ ಬಹಳ ಇರುತ್ತವೆ, ಕ್ಷಮಿಸಿ. ನಾಲ್ಕನೇ ಇಯತ್ತೆಯ ಮೇಲೆ ಪೆನ್ನು ಹಿಡಿದದ್ದೇ ಕಡಿಮೆ. ಫೋನಿನಲ್ಲಿ ನಿಮ್ಮೆದುರು ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಬರೆದು ಫೋಟೋ ಕಳಿಸುತ್ತಿದ್ದೇನೆ. ನಿಮ್ಮ ಮೊಣಕಾಲು ನೋವು ಹೇಗಿದೆ? ಅಮ್ಮಿ ಬಿಪಿ ಗುಳಿಗೆ ತಪ್ಪದೆ ನುಂಗುತ್ತಾರೆಯೇ? ವಿಜಯಪುರದ ಬಿಸಿಲು ನೆನೆದರೆ ಈ ಪರದೇಶದ ತಣ್ಣನೆ ಗಾಳಿಯಲ್ಲಿ ಕೂರಲು ಸಂಕೋಚವಾಗುತ್ತದೆ.

ನಾದಿನಿಯ ಮಗಳು ಐಮನ್ ಶಾಲೆಗಾಗಿ ಹಳೆಯ ರೋಮ್ ನಗರದ ನೀರಿನ ಕಾಲುವೆಯ ಮಾದರಿ ಮಾಡುತ್ತಿದ್ದಾಳೆ. ಗ್ಯಾರೇಜಿನಲ್ಲಿ ರಟ್ಟಿನ ಕಮಾನು ನಿಲ್ಲಿಸಿ, ಮೇಲೆ ಸೀಳಿದ ಪೈಪು ಇಟ್ಟಿದ್ದಾಳೆ. ನೀರು ಹೊಯ್ಯುವವಳು ನಾನು. ದೂರದ ಬೆಟ್ಟದ ಝರಿಯಿಂದ ಲಕ್ಷಗಟ್ಟಲೆ ಜನರಿಗೆ ಮೋಟಾರೇ ಇಲ್ಲದೆ ನೀರು ಬರುತ್ತಿತ್ತಂತೆ. ಕಾಲುವೆಗೆ ಕಣ್ಣಿಗೆ ಕಾಣದಷ್ಟು ಇಳಿಜಾರು. ತಗ್ಗು ಬಂದರೆ ಕಮಾನು, ಗುಡ್ಡ ಬಂದರೆ ಸುರಂಗ. ಊರಿನ ತೊಟ್ಟಿಗೆ ಬಂದ ಮೇಲೆ ನೀರು ಪಾಲಾಗುತ್ತಿತ್ತು. ಐಮನ್ ತನ್ನ ತೊಟ್ಟಿಗೆ ಎರಡು ತೂತು ಮಾಡಿದ್ದಾಳೆ. ಕೆಳಗಿನದು ಬೀದಿಯ ಜನರಿಗೆ, ಮೇಲಿನದು ಸಾಹುಕಾರರ ಮನೆಗಳಿಗೆ. ನಾನು ನೀರು ಕಡಿಮೆ ಹೊಯ್ದಾಗ ಸಾಹುಕಾರರ ಪೈಪು ಒಣಗಿತು, ಬೀದಿಯದು ಹರಿಯುತ್ತಲೇ ಇತ್ತು. ಹೀಗೇ ಮಾಡಬೇಕೆಂದು ಆ ಕಾಲದವರು ಬರೆದಿಟ್ಟಿದ್ದಾರಂತೆ.

“ನಡುವೆ ಯಾರಾದ್ರೂ ಕದ್ದು ಪೈಪು ಹಾಕಿದ್ರೆ?” ಎಂದು ಕೇಳಿದೆ.

“ಹಾಕ್ತಿದ್ರು ಮಾಮೀ! ದಟ್ಸ್ ಸ್ಟೀಲಿಂಗ್, ಕಳ್ಳರು! ನಿಮ್ಮ ಊರಲ್ಲೂ ಪೀಪಲ್ ಡೂ ದಟ್?” ಎಂದು ನಕ್ಕಳು. ನಾನು ಚೆಲ್ಲಿದ ನೀರು ಒರೆಸತೊಡಗಿದೆ.

ಹೋದ ವಾರ ನೀವು ಫೋನಿನಲ್ಲಿ, “ನಳಕ್ಕ ಮೋಟಾರ್ ಹಚ್ಚೀನಿ ನೂರೀ, ಅರ್ಧಾ ತಾಸಿನ್ಯಾಗ ಟಾಕಿ ತುಂಬತೈತಿ. ಕೆಳಗಿನ ಮಂದಿ ಬರೇ ಗಾಳಿ ಹಿಡೀಲಿ!” ಎಂದು ನಕ್ಕಿರಿ. ಆಮೇಲೆ ಅಮ್ಮಿ ಮೆಲ್ಲನೆ ಹೇಳಿದರು: ಓಣಿಯ ಕೊನೆಯ ಮನೆಯ ಈರವ್ವಜ್ಜಿ, ತನ್ನ ನಳದಲ್ಲಿ ಹನಿಯೂ ಬಾರದೆ, ದೂರದ ಬೋರಿನಿಂದ ಕೊಡ ಹೊತ್ತು ತರುವಾಗ ಬಿದ್ದು ಕೈ ಮುರಿದುಕೊಂಡಿದ್ದಾಳೆ. ಈಗ ಯಾರಾದರೂ ತಂದುಕೊಟ್ಟರೆ ಮಾತ್ರ ಅವಳಿಗೆ ನೀರು. ನಮ್ಮಿಬ್ಬರಿಗೂ ಎಳೆತನದಲ್ಲಿ ಎಣ್ಣೆ ಹಚ್ಚಿ ಎರೆದ ಕೈ ಅದು.

ಅಮ್ಮಿಗೆ ಸಲಾಂ, ಮಕ್ಕಳಿಗೆ ಮುತ್ತು. ಅಲ್ಲಾಹ್ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ ತಂಗಿ,
ನೂರಿ

ತಾ.ಕ.: ಭಾಯಿಜಾನ್, ಮೋಟಾರು ತೆಗೆದುಬಿಡಿ. ಹಿರಿಯರಾದ ನಿಮಗೆ ತಂಗಿ ಹೀಗೆ ಹೇಳಬಾರದು, ಗೊತ್ತು. ನಾಳೆ ನಮ್ಮ ಓಣಿಗೆ ನೀರು ಬಿಡುತ್ತಾರಂತೆ. ಇವತ್ತು ಬೆಳಿಗ್ಗೆ ಅಮ್ಮಿಗೆ ಫೋನ್ ಮಾಡಿ, ಮೋಟಾರಿನ ವಾಯರು ಅವರಿಂದಲೇ ಕೀಳಿಸಿ ಜೋಳದ ಡಬ್ಬಿಯಲ್ಲಿ ಇಡಿಸಿದ್ದೇನೆ. ಎಲ್ಲಿದೆ ಎಂದು ನಿಮಗೆ ನಾನೇ ಹೇಳಿಬಿಟ್ಟೆ, ಮತ್ತೆ ಜೋಡಿಸುವುದು ಬಿಡುವುದು ನಿಮಗೆ ಸೇರಿದ್ದು. ಅಮ್ಮಿಯನ್ನು ಬೈಯಬೇಡಿ.