ಕೈಂಚಿ ಬಿದ್ದ ಗುರುವಾರ

ಬನಹಟ್ಟಿ
೨೨-೩-೨೦೨೫

ಪ್ರೀತಿಯ ಪೂರ್ಣಿಮಾಗೆ ಅಪ್ಪನ ಆಶೀರ್ವಾದಗಳು.

ಕಲಬುರ್ಗಿಯ ಬಿಸಿಲಿನಲ್ಲಿ ಹೇಗಿದ್ದೀಯ? ಸೈಟಿನಲ್ಲಿ ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಹಲ್ಲುನೋವು ಅಂದಿದ್ದೆ, ತೋರಿಸಿದೆಯಾ? ನಿಮ್ಮವ್ವ ಆರೋಗ್ಯವಾಗಿದ್ದಾಳೆ. ಈ ಮಾತು ಬರೆಯುವಾಗ ಕೈ ಒಮ್ಮೆ ನಿಂತಿತು.

ಗುರುವಾರ ಫೋನಿನಲ್ಲಿ ನಾನು ಹೇಳಿದ್ದು ಅರ್ಧ ಮಾತ್ರ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಹತ್ತೂವರೆಯ ಹೊತ್ತು. ನಿಮ್ಮವ್ವ ಮಗ್ಗಗಳಿಗೆಂದು ಕಟ್ಟಿಸುತ್ತಿರುವ ಹೊಸ ಶೆಡ್ಡಿನೊಳಗೆ ಗೋಡೆಯ ನೆರಳಿನಲ್ಲಿ ನೂಲಿನ ಕಂಡಿಕೆ ಸುತ್ತುತ್ತ ಕೂತಿದ್ದಳು. ಮೇಲೆ ಛಾವಣಿ ಇಲ್ಲದಿದ್ದರೂ ಅವಳಿಗೆ ಅಲ್ಲಿಯೇ ಕೂರಬೇಕು. ತನ್ನ ನಾಲ್ಕು ಮಗ್ಗ ಎಲ್ಲೆಲ್ಲಿ ನಿಲ್ಲುತ್ತವೆಂದು ನೆಲದ ಮೇಲೆ ಸುಣ್ಣದ ಗೆರೆಯನ್ನೂ ಎಳೆದಿದ್ದಾಳೆ. ಛಾವಣಿ ಹೊರುವ ಮೊದಲನೆಯ ಕಬ್ಬಿಣದ ಕೈಂಚಿಯನ್ನು ಮೇಸ್ತ್ರಿ ರೇವಪ್ಪ ಮತ್ತು ಅವನ ಜೊತೆಯವರು ಗೋಡೆಯ ಮೇಲಿನ ಕಬ್ಬಿಣದ ಪಟ್ಟಿಗೆ ಬಿಗಿದು, ಎರಡನೆಯದನ್ನು ಹಗ್ಗದಿಂದ ಎಳೆಯುತ್ತಿದ್ದರು. ಚಹಾ ಮಾಡುತ್ತೇನೆಂದು ಅವಳು ಎದ್ದು ಒಳಗೆ ಹೋದಳು. ಆಗ ಹೊಳೆಯ ಕಡೆಯಿಂದ ಗಾಳಿ ಬಂತು. ಅಂಥ ದೊಡ್ಡ ಗಾಳಿಯೇನಲ್ಲ, ಒಣಹಾಕಿದ ನೂಲು ಅಲ್ಲಾಡುವಷ್ಟು. ಮೊದಲ ಕೈಂಚಿ ವಾಲಿತು. ಅದರ ಜೊತೆಗೆ ಪಟ್ಟಿಯೂ ಎದ್ದಿತು, ಪಟ್ಟಿ ಹಿಡಿದಿದ್ದ ಬೋಲ್ಟುಗಳೂ ಎದ್ದವು. ಕೈಂಚಿ ಅವಳು ಕೂತಿದ್ದ ಮಣೆಯ ಮೇಲೆ ಬಿತ್ತು. ಮಣೆ ಎರಡಾಯಿತು. ಒಳಗಿನಿಂದ ಅವಳು ಕೂಗಿದಳು: “ಏನ್ ಬಿತ್ರಿ ಅದು? ಸಕ್ಕರಿ ಡಬ್ಬಿ ಎಲ್ಲಿಟ್ಟೀರಿ?” ಅಂಗಳದ ತುಂಬ ಗೋಡೆಯಿಂದ ಕಿತ್ತುಬಂದ ಥರ್ಮಾಕೋಲಿನ ಬಿಳಿ ಕಾಳುಗಳು ಹಾರಾಡುತ್ತಿದ್ದವು. ಇವತ್ತಿಗೂ ಕಣ್ಣು ಮುಚ್ಚಿದರೆ ಅವೇ ಕಾಣುತ್ತವೆ.

ಆರು ಬೋಲ್ಟುಗಳನ್ನೂ ಕೈಯಲ್ಲಿ ಹಿಡಿದು ನೋಡಿದೆ. ಒಂದಕ್ಕೂ ಗೋಡೆಯೊಳಗಿನ ಕಾಂಕ್ರೀಟು ಅಂಟಿರಲಿಲ್ಲ. ನೀನು ಮಾಡಿ ಕಳಿಸಿದ ನಕ್ಷೆಯಲ್ಲಿ ಕೆಂಪು ಗೆರೆ ಎಳೆದು ಬರೆದಿದ್ದೆ: ಥರ್ಮಾಕೋಲಿನ ಎರಡು ಪದರಗಳ ನಡುವೆ ಸುರಿದ ಕಾಂಕ್ರೀಟು ಹಸಿ ಇರುವಾಗಲೇ ಬೋಲ್ಟುಗಳನ್ನು ಏಳು ಇಂಚು ಇಳಿಸಬೇಕು, ಥರ್ಮಾಕೋಲು ಬಿಸಿಲನ್ನೂ ಮಗ್ಗದ ಸದ್ದನ್ನೂ ತಡೆಯುತ್ತದೆ, ಭಾರ ಹಿಡಿಯುವುದಿಲ್ಲ. ಆದರೆ ಬೋಲ್ಟುಗಳು ಮನೆಗೆ ಬಂದದ್ದು ಕಾಂಕ್ರೀಟು ಸುರಿದ ಮರುದಿನ. ಅಷ್ಟರಲ್ಲಿ ಅದು ಕಲ್ಲಾಗಿತ್ತು. ಹಾಗಾಗಿ ಅವನ್ನು ಪಕ್ಕದ ಥರ್ಮಾಕೋಲಿನಲ್ಲಿ ಇಳಿಸಿ ಮೇಲೆ ಸಿಮೆಂಟು ಮೆತ್ತಲಾಗಿತ್ತು.

ನಿನ್ನ ಚನಮಲ್ಲಪ್ಪ ಕಾಕಾ ಅತ್ತಿಗೆಯ ಒಡೆದ ಮಣೆ ನೋಡಿ ಓಣಿಯವರೆಲ್ಲ ಕೇಳುವಂತೆ ಕೂಗಾಡಿದ. “ಟೀವಿ ಡಬ್ಬ್ಯಾಗಿನ ಥರ್ಮಾಕೋಲಿನ್ಯಾಗ ಗ್ವಾಡಿ ಕಟ್ಟಾಕ ಹೊಂಟಾಗನ ಬ್ಯಾಡಂದಿದ್ದೆ. ಲೇ ರೇವ್ಯಾ, ನಮ್ಮ ವೈನೀನ ಕೊಲ್ಲಾಕ ನಿಂತಿದ್ಯೇನಲೇ?” ರೇವಪ್ಪ ಒಮ್ಮೆ ನನ್ನ ಮುಖ ನೋಡಿ ತನ್ನ ಸಾಮಾನು ಎತ್ತಿಕೊಂಡು ಹೋದ. ಇಂಥದೇ ಗೋಡೆ ಕಟ್ಟಲು ಅವನನ್ನು ಗೊತ್ತು ಮಾಡಿದ್ದ ತೇರದಾಳದವರು ನಿನ್ನೆ ಬೇಡವೆಂದು ಹೇಳಿ ಕಳಿಸಿದ್ದಾರೆ. ನೀನೂ ಫೋನಿನಲ್ಲಿ, “ಅಪ್ಪಾ, ರೇವಪ್ಪಗ ನಾಳಿಂದ ಬರಬ್ಯಾಡ ಅನ್ನು” ಎಂದೆ. ನಾನು ಹೂಂ ಅಂದೆ. ಆ ಮಾತನ್ನು ಅವನಿಗೆ ಇನ್ನೂ ಹೇಳಿಲ್ಲ.

ಊಟದ ಹೊತ್ತು ತಪ್ಪಿಸಬೇಡ. ನೀನು ಕಟ್ಟಿಸುವುದೆಲ್ಲ ನಿಂತ ಕಡೆ ಗಟ್ಟಿಯಾಗಿ ನಿಲ್ಲಲಿ ಎಂದು ಹರಸುವ,

ನಿನ್ನ ಅಪ್ಪ
ಸೋಮಲಿಂಗ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇಷ್ಟು. ಬೋಲ್ಟುಗಳು ಸಮಯಕ್ಕೆ ಸರಿಯಾಗಿ ಬಂದಿದ್ದವು. ಕಾಂಕ್ರೀಟು ಸುರಿಯುತ್ತಿದ್ದಾಗಲೇ ರಬಕವಿಯಿಂದ ಟಂಟಂ ಗಾಡಿ ಬಾಗಿಲಿಗೆ ಬಂದು ನಿಂತಿತ್ತು. ಅಂದು ಶನಿವಾರ. ಶನಿವಾರ ಕಬ್ಬಿಣ ಮನೆಯೊಳಗೆ ಬರಬಾರದೆಂದು ನಾಳೆ ತರಲು ಹೇಳಿ ತಿರುಗಿಸಿ ಕಳಿಸಿದವನು ನಾನು. ನೀನು ಸೈಕಲ್ ಕೇಳಿದಾಗ ಇದೇ ಮಾತು ಹೇಳಿದ ನಿನ್ನ ತಾರವ್ವ ಅಜ್ಜಿಯನ್ನು ನೋಡಿ ನಕ್ಕು, ಶನಿವಾರವೇ ಸೈಕಲ್ ತಂದವನೂ ನಾನೇ. ಮರುದಿನ ರೇವಪ್ಪ, “ಡ್ರಿಲ್ ತಂದು ಕೊರೀಬೇಕ್ರಿ ಮಾಸ್ತರ, ಅಕ್ಕಾರಿಗೆ ಒಂದ್ ಫೋನ್ ಹಚ್ರಿ” ಎಂದ. ತಡ ಯಾಕಾಯಿತೆಂದು ನೀನು ಕೇಳುತ್ತೀಯಲ್ಲ ಎಂಬ ನಾಚಿಕೆಗೆ, ಬೇಡ, ಪಕ್ಕದಲ್ಲೇ ಇಳಿಸು ಎಂದೆ. ಅವನು ಎರಡು ಸಲ ಬೇಡವೆಂದ.

ಇವತ್ತೂ ಶನಿವಾರ. ಡ್ರಿಲ್ಲನ್ನೂ ಹೊಸ ಬೋಲ್ಟುಗಳನ್ನೂ ಬೆಳಿಗ್ಗೆ ನಾನೇ ಹೊತ್ತು ಹೊಸ್ತಿಲು ದಾಟಿಸಿದೆ. ನೀನು ಹೇಳುವವರೆಗೆ ಒಂದು ತೂತನ್ನೂ ಕೊರೆಸುವುದಿಲ್ಲ. “ಇವತ್ತ ಶನಿವಾರ ಅಲ್ಲೇನ್ರಿ?” ಎಂದು ನಿಮ್ಮವ್ವ ಕೇಳಿದಳು. ಇದನ್ನು ಅಂಚೆಗೆ ಹಾಕಿ ಬಂದು ಅವಳಿಗೆ ಉತ್ತರ ಹೇಳಬೇಕು. ಆಮೇಲೆ ರೇವಪ್ಪನನ್ನು ಕರೆದುಕೊಂಡು ಮೂರು ಗಂಟೆಯ ಬಸ್ಸಿಗೆ ತೇರದಾಳಕ್ಕೆ ಹೋಗಬೇಕು.