ಕ್ಯಾಪ್ಟನ್ ಲೀಶಾ ಸತ್ತ ಭಾನುವಾರ

ಬೆಟ್ಟದಪುರ
೨೦ ಆಗಸ್ಟ್ ೨೦೨೫, ಬುಧವಾರ

ಪ್ರೀತಿಯ ಮೊಮ್ಮಗಳು ಮಧುಶ್ರೀಗೆ,

ನಿನ್ನ ತಾತ ಸಿದ್ದಯ್ಯನ ತುಂಬು ಹೃದಯದ ಆಶೀರ್ವಾದ. ಆರೋಗ್ಯವಾಗಿದ್ದೀಯಾ? ಗಂಟಲು ಹೇಗಿದೆ? ಹೋದ ಸಲ ಫೋನಿನಲ್ಲಿ ದನಿ ಕಟ್ಟಿದಂತಿತ್ತು. ಆ ಚೆನ್ನೈನ ಸೆಕೆಯಲ್ಲಿ ಫ್ರಿಜ್ಜಿನ ನೀರು ಕುಡಿಯಬೇಡ ಎಂದು ನಿನ್ನ ಅಜ್ಜಿ ಹತ್ತು ಸಲ ಬರೆಯಲು ಹೇಳಿದ್ದಾಳೆ, ಹತ್ತಕ್ಕೂ ಸೇರಿಸಿ ಒಂದೇ ಸಲ ಬರೆದಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ. ನನ್ನ ಮಂಡಿನೋವು ಹಾಗೇ ಇದೆ. ಕಿವಿ ಮಾತ್ರ ಇನ್ನಷ್ಟು ಮಂದವಾಗಿದೆ, ಫೋನಿನಲ್ಲಿ ನೀನು ಮೂರು ಮಾತಾಡಿದರೆ ಒಂದು ಕೇಳಿಸುತ್ತದೆ. ಅದಕ್ಕೇ ಈ ಕಾಗದ. ಅಲ್ಲದೆ ಇದನ್ನೆಲ್ಲ ನೀನು ಬೇರೆ ಯಾರ ಬಾಯಿಂದಲೋ ಕೇಳುವ ಮುಂಚೆ ನಾನೇ ಹೇಳಿಬಿಡಬೇಕು. ಓದಿ ಬೈಯುವುದಿದ್ದರೆ ಮೊದಲು ನನ್ನನ್ನೇ ಬೈ.

ವಿಷಯ ನಿನ್ನ ‘ಧ್ರುವಯಾನ’ದ್ದು. ಆ ಆಕಾಶನೌಕೆಯ ಸೀರಿಯಲ್ಲಿನಲ್ಲಿ ಕ್ಯಾಪ್ಟನ್ ಲೀಶಾಗೆ ಕನ್ನಡದ ದನಿ ಕೊಡುವವಳು ನೀನೇ ಎಂದು ನನಗೊಬ್ಬನಿಗೇ ಹೇಳಿ, ಊರಲ್ಲಿ ಬಾಯಿ ಬಿಡಬೇಡ ತಾತ ಅಂದಿದ್ದೆ. ನಿನ್ನ ಅಜ್ಜಿಗೆ ಮಾತ್ರ ಹೇಳಿದೆ. ಐವತ್ತು ವರ್ಷದ ಸಂಸಾರದಲ್ಲಿ ಅಷ್ಟು ದೊಡ್ಡದನ್ನು ಒಬ್ಬನೇ ಹೊಟ್ಟೆಯಲ್ಲಿಟ್ಟುಕೊಳ್ಳುವುದು ಆಗಲಿಲ್ಲ, ಕ್ಷಮಿಸು. ನಮ್ಮ ಕಡೆ ಆ ಸೀರಿಯಲ್ಲಿನ ಹುಚ್ಚು ಎಷ್ಟಿದೆ ಎಂದು ನೀನು ಊಹಿಸಲಾರೆ. ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಹೊಸ ಕಂತು ಬರುತ್ತದಲ್ಲ, ಆ ಹೊತ್ತಿಗೆ ನಮ್ಮ ಚಪ್ಪರದಲ್ಲಿ ಹೊಗೆಸೊಪ್ಪು ಕಟ್ಟುವ ಹೆಂಗಸರು ಕೆಂಪಾಜಮ್ಮನ ಸೊಸೆ ಸೌಂದರ್ಯಳ ಫೋನನ್ನು ನೀರಿನ ಬಿಂದಿಗೆಗೆ ಒರಗಿಸಿಕೊಂಡು ಸುತ್ತ ಕೂರುತ್ತಾರೆ. ಕೈ ಪಾಡಿಗೆ ಕೈ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿರುತ್ತದೆ, ಕಣ್ಣು ಆಕಾಶದಲ್ಲಿರುತ್ತದೆ. ಕೆಂಪಾಜಮ್ಮನ ಬಾಯಲ್ಲಿ ನಿನ್ನ ಕ್ಯಾಪ್ಟನ್ ಲೀಸಮ್ಮ ಆಗಿದ್ದಾಳೆ. ಪಿರಿಯಾಪಟ್ಟಣದ ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಹರಿಯುತ್ತಲೇ ಹೋದ ವಾರದ ಕಥೆ ಕೇಳುತ್ತಾನೆ. ಇವರೆಲ್ಲರ ನಡುವೆ ಬಾಯಿಗೆ ಬೀಗ ಹಾಕಿಕೊಂಡು ಕೂರುವುದು ಎಷ್ಟು ಕಷ್ಟ ಗೊತ್ತೇ? ಮೂವತ್ತೆರಡು ವರ್ಷ ಮೇಷ್ಟರಾಗಿದ್ದವನು ನಾನು, ಗೊತ್ತಿರುವುದನ್ನು ಹೇಳದೆ ಇದ್ದು ಅಭ್ಯಾಸವೇ ಇಲ್ಲ.

ಇನ್ನು ಕಾಗೆಯ ವಿಷಯ. ನೀನು ಮರೆತಿರಬಹುದು, ನಿನ್ನ ಅಜ್ಜಿ ಮರೆತಿಲ್ಲ. ಯುಗಾದಿಗೆ ಬಂದಾಗ ಜಗಲಿಯ ಮೇಲೆ ತಲೆ ಒಣಗಿಸಿಕೊಳ್ಳುತ್ತಿದ್ದ ನಿನ್ನ ನೆತ್ತಿಗೆ ಕಾಗೆ ರೆಕ್ಕೆ ಬಡಿದು ಹೋಯಿತು. ನೀನು ನಕ್ಕು, ತಲೆ ಬಾಚಿಕೊಂಡು ಬಸ್ಸು ಹತ್ತಿದೆ. ಕಾಗೆ ಮುಟ್ಟಿದರೆ ಏನು ಮಾಡುತ್ತಾರೆಂದು ನಿನಗೆ ಗೊತ್ತಲ್ಲ, ಮುಟ್ಟಿಸಿಕೊಂಡವರು ಸತ್ತರೆಂದು ರಕ್ತಸಂಬಂಧಿಗಳಿಗೆ ಸುಳ್ಳು ಸುದ್ದಿ ಕಳಿಸಬೇಕು, ಅವರು ನಿಜವೆಂದು ನಂಬಿ ಅಳಬೇಕು, ಆಗ ದೋಷ ಕಳೆಯುತ್ತದೆ. ಆಮೇಲೆ ಸುಳ್ಳು ಎಂದು ಹೇಳಿ, ಎಲ್ಲರೂ ಬೈದುಕೊಂಡು ನಗುತ್ತಾರೆ. ನಿನಗಾಗಿ ಹಾಗೊಂದು ಸುದ್ದಿಯನ್ನು ಬರೆದುಕೊಡು ಎಂದು ನಿನ್ನ ಅಜ್ಜಿ ಸಣ್ಣತಾಯಮ್ಮ ನಾಲ್ಕು ತಿಂಗಳಿಂದ ನನ್ನ ಜೀವ ಹಿಂಡಿದಳು. ಮೂಢನಂಬಿಕೆ ಬೇಡ ಎಂದು ಬೋರ್ಡಿನ ಮೇಲೆ ಬರೆದ ಕೈ ಇದು, ಬರೆಯುವುದಿಲ್ಲ ಎಂದೆ. ಅವಳ ಸಂಕಟ ಬೇರೆಯೇ ಇತ್ತು. ಮಾವನೋ ಚಿಕ್ಕಮ್ಮನೋ ಅತ್ತರೆ ಸಾಲದು, ಹೆತ್ತ ತಂದೆಯೇ ಅಳಬೇಕು, ಆದರೆ ಆ ತಂದೆ ಮಗಳ ಹೆಸರನ್ನೇ ಎತ್ತುವುದಿಲ್ಲವಲ್ಲ ಎಂದು ಒಲೆಯ ಮುಂದೆ ಕೂತು ಗೊಣಗುತ್ತಿದ್ದಳು.

ಅದು ಸುಳ್ಳಲ್ಲ ಬಿಡು. ಪಿರಿಯಾಪಟ್ಟಣದ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದವಳು ನೀನು ಈ ದನಿ ಕೊಡುವ ಕಸುಬಿಗಾಗಿ ಆ ಕೆಲಸವನ್ನು ಮನೆಯಲ್ಲಿ ಒಂದು ಮಾತು ಹೇಳದೆ ಬಿಟ್ಟೆ. ನಿನ್ನ ಹೆಡ್‌ಮೇಷ್ಟರು ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಮುಂದೆ ನಿಮ್ಮಪ್ಪನನ್ನು ನಿಲ್ಲಿಸಿ ಕೇಳಿದ್ದರಿಂದ ಅವನಿಗೆ ಗೊತ್ತಾಯಿತು. ಆವತ್ತು ಅವನು “ಬಾಯಿ ಬಾಡಿಗೆಗೆ ಕೊಡೋ ಕಸುಬು ನಮ್ ಮನೆಗೆ ಬ್ಯಾಡ” ಎಂದ. ನೀನು ಬ್ಯಾಗು ತೆಗೆದುಕೊಂಡು ಹೊರಟೆ. ಇಬ್ಬರದೂ ತಪ್ಪಿತ್ತು, ಇಬ್ಬರಿಗೂ ನನ್ನದೇ ಹಟ ಬಂದಿದೆ, ಯಾರನ್ನು ಬೈಯಲಿ? ಅಲ್ಲಿಂದ ಇಪ್ಪತ್ತು ತಿಂಗಳು. ನೀನು ಫೋನು ಮಾಡಿದಾಗೆಲ್ಲ ಅವನು ಎತ್ತಿ, ಹಲೋ ಕೂಡ ಅನ್ನದೆ ನಿಮ್ಮವ್ವನ ಕೈಗೆ ಕೊಡುತ್ತಿದ್ದ. ಯುಗಾದಿಗೆ ನೀನು ಬಂದ ಎರಡು ದಿನವೂ ಹೊಲದಲ್ಲೇ ಇದ್ದ. ಇದು ನನ್ನ ಕಣ್ಣ ಮುಂದೆಯೇ ನಡೆದರೂ ನನ್ನಿಂದ ಏನೂ ಮಾಡಲಾಗಲಿಲ್ಲ.

ಹಾಗಿರುವಾಗ ಈ ತಿಂಗಳ ಮೂರನೇ ತಾರೀಖಿನ ಭಾನುವಾರ ಈ ಸೀಸನ್ನಿನ ಕಡೆಯ ಕಂತು ಬಂತು. ನಾನೂ ಚಪ್ಪರದಲ್ಲೇ ಕುರ್ಚಿ ಹಾಕಿಕೊಂಡಿದ್ದೆ. ನೌಕೆಗೆ ಬೆಂಕಿ ಬಿತ್ತು. ಕ್ಯಾಪ್ಟನ್ ತನ್ನ ಒಂಬತ್ತು ಜನರನ್ನೂ ಸಣ್ಣ ದೋಣಿಗೆ ಹತ್ತಿಸಿ, ಬಾಗಿಲು ತೆರೆಯುವ ಹಿಡಿಯನ್ನು ಯಾರಾದರೂ ಒಬ್ಬರು ಒಳಗಿನಿಂದ ಒತ್ತಿ ಹಿಡಿದಿರಲೇಬೇಕೆಂದು ತಾನೇ ಉಳಿದಳು. “ತಿರುಗಿ ನೋಡಬೇಡಿ. ನಡೀರಿ, ಮನೆಗೆ ನಡೀರಿ” ಎಂದೆಯಲ್ಲ, ಆಗ ಗಾಳಿಯಿಲ್ಲದ ಆಕಾಶದಲ್ಲಿ ಬೆಂಕಿ ಹೇಗೆ ಉರಿಯಿತು ಎಂದು ಕೇಳಬೇಕೆಂದಿದ್ದವನು ಕೇಳದೆ ಕನ್ನಡಕ ಒರೆಸಿಕೊಂಡೆ. ಹೆಂಗಸರಂತೂ ಕಡ್ಡಿ ಕೆಳಗಿಟ್ಟು ಸೆರಗು ಬಾಯಿಗಿಟ್ಟುಕೊಂಡು ಗೋಳೋ ಎಂದರು. ಒಂಬತ್ತು ಜನರನ್ನು ಉಳಿಸಿದವಳನ್ನು ಉಳಿಸಲು ಒಬ್ಬನೂ ಇಲ್ಲದೇ ಹೋದನಲ್ಲ ಎಂದು ಕೆಂಪಾಜಮ್ಮ ಆ ಒಂಬತ್ತು ಜನಕ್ಕೂ ಹಿಡಿಶಾಪ ಹಾಕಿದಳು. ಸೌಂದರ್ಯ ಬಿಕ್ಕುತ್ತಲೇ ಗೆಳತಿಯರ ಗ್ರೂಪಿಗೆ ಮೆಸೇಜು ಹಾಕುತ್ತಿದ್ದಳು.

ನಿನ್ನ ಅಜ್ಜಿ ಅಳಲಿಲ್ಲ. ಒಂದು ನಿಮಿಷ ಎಲ್ಲರ ಮುಖವನ್ನೂ ನೋಡಿದಳು. ಆಮೇಲೆ ಕೆಂಪಾಜಮ್ಮನ ಕಿವಿಯಲ್ಲಿ ಏನೋ ಹೇಳಿ ಮೇಲಿನ ಹೊಲಕ್ಕೆ ಅಟ್ಟಿದಳು. ಅಲ್ಲಿ ನಿಮ್ಮಪ್ಪ ಆಳುಗಳ ಜೊತೆ ಸೊಪ್ಪು ಮುರಿಯುತ್ತಿದ್ದ. ನಿಮ್ಮವ್ವ ಆ ದಿನ ಅಂತರಸಂತೆಯ ತವರಿಗೆ ಹೋಗಿದ್ದಳು, ಇದ್ದಿದ್ದರೆ ಇದು ನಡೆಯುತ್ತಿರಲಿಲ್ಲ. ಏನು ಹೇಳಿ ಕಳಿಸಿದ್ದಾಳೆಂದು ನನಗೆ ತಿಳಿಯಿತು ಮಗಳೇ. ಕೂಗಿ ನಿಲ್ಲಿಸಬಹುದಿತ್ತು, ಕೆಂಪಾಜಮ್ಮ ಇನ್ನೂ ಬೇಲಿ ದಾಟಿರಲಿಲ್ಲ. ನಿಲ್ಲಿಸಲಿಲ್ಲ. ನಿನ್ನ ಸುದ್ದಿ ಕೇಳಿದರೆ ಅವನು ಏನು ಮಾಡುತ್ತಾನೆಂದು ನೋಡುವ ಆಸೆ ನನ್ನೊಳಗೂ ಇತ್ತು. ಇದು ನನ್ನ ತಪ್ಪು, ಎಂಬತ್ತರ ಹತ್ತಿರ ಬಂದವನು ಮಾಡಬಾರದ ತಪ್ಪು.

ಕೆಂಪಾಜಮ್ಮನಿಗೆ ಹೇಳಿಕೊಟ್ಟಿದ್ದು ಕಾಗೆಯ ಸುಳ್ಳನ್ನು. ಆದರೆ ಅವಳ ಕಣ್ಣಲ್ಲಿದ್ದ ನೀರು ನಿಜದ್ದು, ಲೀಸಮ್ಮನಿಗಾಗಿ ಬಂದದ್ದು. ಆ ಮುಖ ಹೊತ್ತುಕೊಂಡೇ ಹೋಗಿ “ಮಧು ಓಗ್ಬುಟ್ಳು ಕಣ ಶಂಕ್ರಣ್ಣ” ಎಂದಿದ್ದಾಳೆ. ಅವನಿಗೆ ಅಷ್ಟಕ್ಕೇ ಅನುಮಾನ ಬಂದಿತ್ತೇನೋ, ಕಾಗೆಯ ಸುಳ್ಳು ಅವನಿಗೇನು ಹೊಸದೇ? ಆದರೆ ಓಡಿ ಬಂದು ನೋಡಿದರೆ ಚಪ್ಪರದ ತುಂಬ ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದಾರೆ. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ, ಕಂಕುಳಲ್ಲಿ ಸೊಪ್ಪಿನ ಹೊರೆ ಹಾಗೇ ಇತ್ತು.  ಹಸಿ ಸೊಪ್ಪಿನ ರಾಶಿಯ ಮೇಲೆ ಕುಸಿದು ಕೂತ. ಅವರವ್ವನ ಸೆರಗು ಹಿಡಿದುಕೊಂಡು “ಒಂದ್ ಮಾತಾಡ್ಬುಡ್ಬೇಕಿತ್ತು ಕಣವ್ವ. ಒಂದೇ ಒಂದ್ ಮಾತು” ಎಂದು ಅತ್ತ. ಅವನು ಅತ್ತದ್ದನ್ನು ನಾನು ಅವನ ಏಳನೇ ಕ್ಲಾಸಿನ ನಂತರ ನೋಡಿರಲಿಲ್ಲ.  ನಿನ್ನ ಅಜ್ಜಿ ಅವನ ತಲೆಯ ಮೇಲೆ ಕೈಯಿಟ್ಟು, ಸಾಕೆನಿಸುವಷ್ಟು ಅಳಲು ಬಿಟ್ಟು, “ಸಾಕು ಬುಡು ಮಗ. ನಿನ್ ಮಗಳು ಚೆನ್ನಾಗವ್ಳೆ. ಕಾಗೆ ದೋಸ ಕಳೀತು” ಎಂದಳು.

ನಂಬಿದನೇ? ಇಲ್ಲ. ಫೋನು ತೆಗೆದು ನಿನಗೆ ಮಾಡಿದ. ನೀನು ರೆಕಾರ್ಡಿಂಗಿಗೆ ಹೋಗಿ ಫೋನನ್ನು ಹೊರಗಿಟ್ಟಿದ್ದೆ. ಮತ್ತೆ ಮಾಡಿದ, ಮತ್ತೆ ಮಾಡಿದ. ರಾತ್ರಿ ನೀನು, ತವರಿನಿಂದ ಆಗಷ್ಟೇ ಬಂದಿದ್ದ ನಿಮ್ಮವ್ವನನ್ನು ಯಾಕವ್ವ ಹದಿನೇಳು ಮಿಸ್ಡ್ ಕಾಲ್ ಎಂದು ಕೇಳಿದ್ದಕ್ಕೆ ಅವಳು ಜೇಬಿನಲ್ಲಿ ಒತ್ತಿಕೊಂಡಿರಬೇಕು ಅಂದಳಲ್ಲ, ಒತ್ತಿಕೊಂಡದ್ದಲ್ಲ ಮಗಳೇ. ಹದಿನೇಳೂ ನಿಮ್ಮಪ್ಪ ಮಾಡಿದ್ದು. ಕೊನೆಗೆ ನಾನು ಸೌಂದರ್ಯಳ ಫೋನು ಇಸಿದುಕೊಂಡು ಅವನನ್ನು ಒಳಮನೆಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಆ ಕಡೆಯ ಐದು ನಿಮಿಷ ಹಾಕಿ ತೋರಿಸಿದೆ. ಹೆಂಗಸರು ಅಳುತ್ತಿದ್ದದ್ದು ಇದಕ್ಕೆ ಎಂದೆ. ಎರಡನೇ ಮಾತಿಗೇ ನಿನ್ನ ದನಿ ಗುರುತು ಹಿಡಿದ. ಕೊನೆಯವರೆಗೂ ಕೇಳಿ, ಸೊಪ್ಪನ್ನು ಕಾವು ಕೊಟ್ಟು ಒಣಗಿಸುವ ಬ್ಯಾರನ್‌ಗೆ ಸೌದೆ ಹಾಕಲು ಹೋದ. ಅಜ್ಜಿಯ ಮೇಲೂ ನನ್ನ ಮೇಲೂ ಅವನಿಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಎರಡು ದಿನ ನಮ್ಮ ಪಂಕ್ತಿಯಲ್ಲಿ ಊಟಕ್ಕೆ ಕೂರಲಿಲ್ಲ. ಅದು ನ್ಯಾಯವೇ.

ಮೂರನೇ ದಿನ ಸೌಂದರ್ಯಳನ್ನು ಕರೆದು, ಆ ಸೀರಿಯಲ್ಲನ್ನು ಮೊದಲಿಂದ ತನ್ನ ಫೋನಿಗೆ ಹಾಕಿಕೊಡು ಎಂದನಂತೆ. ಅಲ್ಲಿಂದ ಶುರುವಾಯಿತು ನೋಡು. ಬ್ಯಾರನ್ ಮುಂದೆ ಕೂತು ಉರಿ ನೋಡಿಕೊಳ್ಳುತ್ತಾ ಒಂದೊಂದೇ ಕಂತು, ಒಟ್ಟು ಇಪ್ಪತ್ತೆರಡು, ಅಷ್ಟನ್ನೂ ನೋಡಿ ಮುಗಿಸಿದ. ಈಗ ನನಗೇ ಪ್ರಶ್ನೆ ಹಾಕುತ್ತಾನೆ. ಎರಡನೇ ಸೀಸನ್ನಿನಲ್ಲಿ ಕ್ಯಾಪ್ಟನ್‌ಗೆ ನೆಗಡಿಯಾದಂತೆ ಇತ್ತಲ್ಲ, ಅದು ಕಥೆಯಲ್ಲಿದ್ದ ನೆಗಡಿಯೋ ಮಧುವಿಗೇ ಆಗಿತ್ತೋ ಎಂದು ಕೇಳಿದ. ನನಗೇನು ಗೊತ್ತು? ನೀನೇ ಹೇಳಬೇಕು. ನನ್ನ ಹುಣಸೂರಿನ ಗೆಳೆಯ ಟೈಲರ್ ಇಸಾಕ್ ಕೂಡ ಇದರ ಹುಚ್ಚ. ಕ್ಯಾಪ್ಟನ್ ಸತ್ತಿಲ್ಲ ಮೇಷ್ಟ್ರೇ, ಹೆಣ ತೋರಿಸಿಲ್ಲ ಎಂದು ವಾದಿಸುತ್ತಾನೆ. ನೌಕೆಯ ಒಳಗೆ ಗಾಳಿ ಇರುವುದರಿಂದ ಬೆಂಕಿ ಉರಿದೇ ಉರಿಯುತ್ತದೆ ಎಂದೂ ಅವನೇ ನನಗೆ ಪಾಠ ಹೇಳಿದ. ಒಪ್ಪಿಕೊಂಡೆ.

ಮೊನ್ನೆ ಸೋಮವಾರ ಬೆಳಗ್ಗೆ ಹಾಲಿನ ಡೈರಿಯಲ್ಲಿ ಇದೇ ಮಾತು ನಡೆಯುತ್ತಿತ್ತು. ನಾನೂ ನಿಮ್ಮಪ್ಪನೂ ಸಾಲಿನಲ್ಲಿದ್ದೆವು. ಹಾಲು ಅಳೆಯುವ ನಂಜಣ್ಣನಿಗೆ ಬಾಯಿ ಜಾಸ್ತಿ, ನಿನಗೆ ಗೊತ್ತಲ್ಲ. ಕಥೆ ಏನೋ ಚೆನ್ನಾಗಿದೆ, ಆದರೆ ಆ ಕ್ಯಾಪ್ಟನ್‌ಗೆ ದನಿ ಕೊಟ್ಟವಳು ಯಾರೋ ದುಡ್ಡಿಗೆ ಅಳುವವಳು, ಅಳುವಿನಲ್ಲಿ ಜೀವವೇ ಇಲ್ಲ ಎಂದುಬಿಟ್ಟ. ನಾನು ಬಾಯಿ ತೆರೆಯುವುದರೊಳಗೆ ನಿಮ್ಮಪ್ಪ ಕ್ಯಾನು ಕೆಳಗಿಟ್ಟು “ಅದು ನನ್ ಮಗಳು ಕಣೋ. ಅವಳ ಗಂಟ್ಲು ಏನು ಅಂತ ನಂಗೊತ್ತು. ಬಾಯ್ ಮುಚ್ಕೊಂಡ್ ಹಾಲು ಅಳಿ” ಎಂದ.  ಬಾಡಿಗೆ ಬಾಯಿ ಎಂದವನೂ ಇವನೇ, ಇಪ್ಪತ್ತು ಜನರ ಮುಂದೆ ನನ್ನ ಮಗಳು ಎಂದವನೂ ಇವನೇ. ನನಗೆ ಎಷ್ಟು ಸಂತೋಷವಾಯಿತೆಂದರೆ ಹಾಲಿನ ಚೀಟಿಯನ್ನೇ ಮರೆತು ಬಂದೆ.

ಹೀಗಾಗಿ ನಿನ್ನ ಗುಟ್ಟು ರಟ್ಟಾಗಿದೆ, ಅದಕ್ಕೆ ನಾನು ಕಾರಣನಲ್ಲ. ಸಂಜೆ ಹೊತ್ತಿಗೆ ಸೌಂದರ್ಯ ಬಂದು ಕ್ಯಾಪ್ಟನ್ ಬದುಕುತ್ತಾಳಾ ಇಲ್ಲವಾ ಅಂತ ಒಂದು ಮಾತು ಕೇಳಿಕೊಡಿ ಎಂದು ಕೈ ಹಿಡಿದಳು. ಕೆಂಪಾಜಮ್ಮನಿಗಂತೂ ತಾನು ಅತ್ತದ್ದು ನಮ್ಮ ಬೀದಿಯ ಹುಡುಗಿಗೇ ಎಂದು ತಿಳಿದು ಇನ್ನೊಂದು ಸುತ್ತು ಅಳು ಬಂತು. ಯಾರಿಗೂ ಹೇಳಬೇಡ ಮಧು, ಕಾಯಲಿ. ನನಗೊಬ್ಬನಿಗೆ ಹೇಳಿದರೆ ತಪ್ಪಿಲ್ಲ.

ನಿನ್ನ ಅಜ್ಜಿಯ ಮೇಲೆ ಕೋಪ ಮಾಡಿಕೊಳ್ಳಬೇಡ. ನೀನು ಇನ್ನು ನೂರು ವರ್ಷ ಬದುಕುತ್ತೀಯ ಎಂಬ ಖಾತ್ರಿಯಲ್ಲಿ ಈಗ ನಿಶ್ಚಿಂತೆಯಾಗಿ ನಿದ್ದೆ ಮಾಡುತ್ತಿದ್ದಾಳೆ. ನಿನ್ನ ಮೇಲೆ ಅಂಥ ಸುಳ್ಳು ಹೇಳಿಸಿದ್ದಕ್ಕೆ ಅವಳ ಪರವಾಗಿಯೂ ನಾನೇ ಕ್ಷಮೆ ಕೇಳುತ್ತೇನೆ. ನಿಮ್ಮವ್ವ ಹುರುಳಿ ಹಪ್ಪಳ ಕಟ್ಟಿಟ್ಟಿದ್ದಾಳೆ. ಊಟ ಬಿಡಬೇಡ, ಗಂಟಲು ನೋಡಿಕೋ, ದನಿ ನಿನ್ನ ಆಸ್ತಿ. ಬೆಟ್ಟದ ಮಲ್ಲಯ್ಯ ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತು ನಿನ್ನ ಹಟಮಾರಿ ತಾತ,
ಸಿದ್ದಯ್ಯ

ತಾ.ಕ.: ಆಟೊದವನು ಹಾರ್ನ್ ಹೊಡೆಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಇದನ್ನು ಅಂಚೆಗೆ ಹಾಕುತ್ತಿಲ್ಲ. ನಿಮ್ಮಪ್ಪ ನಿನ್ನೆ ನಿಮ್ಮವ್ವನ ಪುಸ್ತಕದಿಂದ ನಿನ್ನ ಅಡ್ರೆಸ್ಸು ಬರೆದುಕೊಂಡ, ಈಗ ಮೈಸೂರಿಗೆ ಹೋಗಿ ರೈಲು ಹತ್ತುತ್ತಾನೆ. ದಾರಿಯುದ್ದಕ್ಕೂ ಏನು ಮಾತಾಡಬೇಕೆಂದು ಯೋಚಿಸಿಕೊಂಡು ಬಂದಿರುತ್ತಾನೆ, ನಿನ್ನ ಬಾಗಿಲಿಗೆ ಬಂದಾಗ ಒಂದೂ ಬಾಯಿಗೆ ಬಂದಿರುವುದಿಲ್ಲ. ಈ ಲಕೋಟೆಯನ್ನು ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವವರೆಗೂ ಹೊಸಿಲಾಚೆ ನೆಲ ನೋಡಿಕೊಂಡು ನಿಂತಿರುತ್ತಾನೆ. ಓದಿದ್ದು ಸಾಕು ಮಗಳೇ. ಅಪ್ಪನನ್ನು ಒಳಗೆ ಕರಿ.