ಕುದುರೆ ಹಾಲು ಕರೆಯುವ ಹೊತ್ತು

ಸೊಂಕುಲ್ ಹುಲ್ಲುಗಾವಲು,
ಜುಲೈ ೧೪

ನನ್ನ ಮುದ್ದಿನ ನುರ್ಜಾತ್,

ಹೇಗಿದ್ದೀಯಮ್ಮಾ? ಆ ಹಾಳು ಕೆಮ್ಮು ಬಿಟ್ಟಿತೇ? ತಲಾಸ್‌ನಲ್ಲಿ ಈಗ ಸುಡುಬಿಸಿಲು, ತಲೆಗೆ ಬಟ್ಟೆ ಕಟ್ಟದೆ ಬೀನ್ಸ್ ಹೊಲಕ್ಕೆ ಹೋಗಬೇಡ. ನಿನ್ನ ತಾಯಿಯ ಮಂಡಿನೋವು ಕಡಿಮೆಯಾಗಿದೆಯೇ? ಇಲ್ಲಿ ಬೆಟ್ಟದ ಮೇಲೆ ಫೋನು ಸಿಗುವುದಿಲ್ಲವೆಂದು ನಿನಗೆ ಗೊತ್ತು. ಜೀಪಿನ ಮಿರ್ಲಾನ್ ಕೆಳಗಿಳಿಯುತ್ತಾನೆ, ಅವನ ಕೈಗೆ ಈ ಕಾಗದ ಕೊಡುತ್ತೇನೆ.

ನಾನು ಚೆನ್ನಾಗಿದ್ದೇನೆ ಎಂದರೆ ನೀನು ನಂಬುವುದಿಲ್ಲ, ಅದಕ್ಕೇ ನಡೆದದ್ದನ್ನು ಹೇಳುತ್ತೇನೆ. ನನ್ನ ಮಗ ಎಮಿಲ್ ಕಣಿವೆಯ ಹಿಮದಲ್ಲಿ ಲಾರಿ ಸಮೇತ ಜಾರಿಹೋದ ಮೇಲೆ ವರ್ಷವಿಡೀ ನಾನು ಎದ್ದದ್ದು ನಿನಗೆ ಚಹಾ ಕಾಯಿಸಲು, ನೀನು ಎದ್ದದ್ದು ನನಗೆ ರೊಟ್ಟಿ ಸುಡಲು. ಅವನು ತೀರಿದ ವರ್ಷದ ಊಟ ಮುಗಿಸಿ ನಾನೇ ನಿನ್ನನ್ನು ತವರಿಗೆ ಕಳಿಸಿದೆನಲ್ಲ, ಆಮೇಲೆ ಯಾರಿಗಾಗಿ ಏಳಬೇಕೆಂದು ತಿಳಿಯಲಿಲ್ಲ. ಮೇಲೆ ಬಂದು ಗುಡಾರ ಹಾಕಿದವಳೇ ಕಂಬಳಿಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟೆ. ಒಲೆ ಹಚ್ಚಲಿಲ್ಲ. ಪಕ್ಕದ ಗುಡಾರದ ಕಾಲಿಪಾ ಸೂಪು ತಂದಿಟ್ಟರೆ ಅದು ಹಾಗೇ ಜಿಡ್ಡುಗಟ್ಟುತ್ತಿತ್ತು. ಅವಳ ನಾಲಿಗೆ ನಿನಗೆ ಗೊತ್ತೇ ಇದೆ. ಒಂದು ಬೆಳಿಗ್ಗೆ ಬಾಗಿಲ ಕಂಬಳಿ ಎತ್ತಿ ನಿಂತಳು.

“ಕುದುರೆಮರಿಗಳನ್ನ ಕಟ್ಟಿದೀನಿ, ತಾಯಿಗಳ ಕೆಚ್ಚಲು ಬಿಗೀತಿದೆ. ನಂಗೊಬ್ಳಿಗೆ ಆಗಲ್ಲ. ಸಾಯೋದಿದ್ರೆ ಹಾಲು ಕರೆದು ಆಮೇಲೆ ಸಾಯಿ, ಬುರುಲ್.”

ಸಿಟ್ಟಿನಿಂದಲೇ ಎದ್ದೆ. ಬೂದು ಕುದುರೆಯ ಹೊಟ್ಟೆಗೆ ಹಣೆ ಆನಿಸಿ ಅಳುತ್ತಲೇ ಕರೆದೆ. ಅದು ಕದಲದೆ ನಿಂತಿತ್ತು. ಕರೆದು ಬಂದು ಮಲಗೋಣವೆಂದರೆ ಎರಡು ತಾಸಿಗೇ ಮತ್ತೆ ಕರೆಯುವ ಹೊತ್ತು. ಕುದುರೆಗೆ ನಮ್ಮ ದುಃಖ ಕಟ್ಟಿಕೊಂಡು ಏನಾಗಬೇಕು? ಹೀಗೆ ಏಳುವುದು ಅಭ್ಯಾಸವಾಯಿತು. ಆಮೇಲೆ ಆ ಹಾಲು ತೊಗಲಚೀಲದಲ್ಲಿ ಹುದುಗಿ ಕುಮಿಸ್ ಆಗಿದೆಯೇ, ಹುಳಿ ಹದವಾಗಿದೆಯೇ ಎಂದು ನೋಡುವ ಆಸೆಯೂ ಬಂತು. ಎಮಿಲ್‌ನನ್ನು ನೆನೆಯುವ ಮೊದಲೇ ಕುಮಿಸ್ ನೆನಪಾದ ಬೆಳಿಗ್ಗೆ, ನಾನೆಂಥ ತಾಯಿ ಎಂದು ನನ್ನನ್ನೇ ಬೈದುಕೊಂಡೆ.

ಕಳೆದ ವಾರ ಒಂದು ಮರಿ ನನ್ನ ತಲೆವಸ್ತ್ರ ಕಚ್ಚಿಕೊಂಡು ಓಡಿತು. ಅಟ್ಟಿಸಿಕೊಂಡು ಹೋದ ಕಾಲಿಪಾ ಜಾರಿ ಲದ್ದಿಯಲ್ಲಿ ಕೂತಳು. ನಾನು ನಕ್ಕೆ ನುರ್ಜಾತ್, ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕದ್ದು ಅರಿವಾದಾಗ ಗುಡಾರದ ಹಿಂದೆ ಹೋಗಿ ಬಾಯಿಗೆ ಅಂಗಿಯ ತೋಳು ತುರುಕಿಕೊಂಡು ಅತ್ತೆ. ಕಾಲಿಪಾ ಬಂದು ಪಕ್ಕದಲ್ಲೇ ಕೂತಳು. ಅವಳೂ ಗಂಡನನ್ನು ಮಣ್ಣಿಗೆ ಕೊಟ್ಟವಳು.

“ನಗು ಬಂದಾಗ ನಕ್ಬಿಡೇ. ನಿನ್ ಅಳು ಎಲ್ಲಿಗೂ ಓಡಿಹೋಗಲ್ಲ” ಅಂದಳು.

ನಿಜ, ಅದು ಓಡಿಹೋಗಿಲ್ಲ. ಆದರೆ ಬೆಳಿಗ್ಗೆ ಯಾರೂ ಕರೆಯದೆಯೇ ಏಳುತ್ತಿದ್ದೇನೆ. ಇಷ್ಟು ನಿನಗೆ ತಿಳಿದಿರಲಿ.

ನಿನ್ನ ತಂದೆತಾಯಿಗೆ ನನ್ನ ಸಲಾಮು. ನಿನ್ನ ಹಣೆಗೆ ಮುತ್ತು. ಮೈ ಗಟ್ಟಿಯಾಗಿ, ಬಾಳು ತಂಪಾಗಿ ಇರಲಿ ಮಗಳೇ.

ನಿನ್ನ ಅತ್ತೆ,
ಬುರುಲ್

ಮ.ನಿ.: ಶಾಲೆಯ ಮೇಷ್ಟ್ರು ಅಸಿಲ್‌ಬೆಕ್ ನಿನ್ನನ್ನು ಮದುವೆಗೆ ಕೇಳಿದನಂತೆ, ನೀನು “ಅತ್ತೆ ಇರೋವರೆಗೆ ಆಗಲ್ಲ, ಅವರು ಒಡೆದುಹೋಗ್ತಾರೆ” ಅಂದೆಯಂತೆ. ನಿನ್ನ ತಾಯಿ ಮಿರ್ಲಾನ್ ಕೈಲಿ ಹೇಳಿಕಳಿಸಿದ್ದಾಳೆ. ಒಡೆಯುವುದಿಲ್ಲ. ಮನಸ್ಸಿದ್ದರೆ ಒಪ್ಪಿಕೋ. ಮದುವೆಗೆ ನಾನು ಬರುತ್ತೇನೆ, ಅತ್ತರೆ ತಪ್ಪು ತಿಳಿಯಬೇಡ. ಈ ಮುದುಕಿ ಯಾರೆಂದು ಗಂಡಿನ ಕಡೆಯವರು ಕೇಳಿದರೆ, ಹುಡುಗಿಯ ತಾಯಿ ಎನ್ನು. ನಿನ್ನ ಹೆತ್ತಮ್ಮನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.